ಸಸಿಗಿಂತ ಮೊದಲು ತಕ್ಕಡಿ: ಕಾಲೇಜು ಆವರಣದಲ್ಲಿ ಪರಿಸರ ಕೆಲಸ ಆರಂಭಿಸುವ ಕ್ರಮ

ಕಾಲೇಜುಗಳಲ್ಲಿ ಪರಿಸರ ಸಂರಕ್ಷಣೆಯ ಕಾರ್ಯಕ್ರಮಗಳು ಸಾಮಾನ್ಯವಾಗಿ ಜೂನ್ 5ರ ವಿಶ್ವ ಪರಿಸರ ದಿನದಂದು ಸಸಿ ನೆಡುವುದರೊಂದಿಗೆ ಆರಂಭವಾಗಿ, ಆ ವಾರ ಮುಗಿಯುವ ಹೊತ್ತಿಗೆ ನಿಂತುಹೋಗುತ್ತವೆ. ಇದಕ್ಕೆ ಉತ್ಸಾಹದ ಕೊರತೆ ಕಾರಣವಲ್ಲ, ಅವಕಾಶದ ಕೊರತೆಯೂ ಅಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನವು ಪದವಿ ತರಗತಿಗಳಿಗೆ ಕಡ್ಡಾಯ ವಿಷಯವಾಗಿ ಬಂದಿದೆ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕಾಗಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಸಿರು ಲೆಕ್ಕಪರಿಶೋಧನೆಗೆ, ಅಂದರೆ ಸಂಸ್ಥೆಯು ಬಳಸುವ ನೀರು, ವಿದ್ಯುತ್ ಮತ್ತು ಹೊರಹಾಕುವ ಕಸದ ವ್ಯವಸ್ಥಿತ ಪರಿಶೀಲನೆಗೆ, ಸ್ಥಾನವಿದೆ. ಪಠ್ಯ, ಸಮಯ, ಮಾನ್ಯತೆ ಮೂರೂ ಇರುವಾಗ ತಪ್ಪುತ್ತಿರುವುದು ಕೆಲಸದ ಅನುಕ್ರಮವಾದ್ದರಿಂದ, ಅದನ್ನು ಸರಿಪಡಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಸಮಿತಿ, ಆಮೇಲೆ ಅಳತೆ

ಪ್ರಾಂಶುಪಾಲರ ಲಿಖಿತ ಆದೇಶದ ಮೇರೆಗೆ ಒಂದು ಸಣ್ಣ ಸಮಿತಿ ರಚನೆಯಾಗಬೇಕು. ಇದರಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಜೊತೆಗೆ ಹಾಸ್ಟೆಲ್ ಮೆಸ್ಸಿನ ಮುಖ್ಯ ಅಡುಗೆಯವರು, ಸ್ವಚ್ಛತಾ ಸಿಬ್ಬಂದಿಯ ಒಬ್ಬ ಪ್ರತಿನಿಧಿ ಹಾಗೂ ನೀರಿನ ಪಂಪು ನೋಡಿಕೊಳ್ಳುವವರು ಸದಸ್ಯರಾಗಿರುವುದು ಅತ್ಯಗತ್ಯ, ಏಕೆಂದರೆ ಆವರಣದ ಕಸವೂ ನೀರೂ ದಿನನಿತ್ಯ ಹಾದುಹೋಗುವುದು ಇವರ ಕೈಯಿಂದಲೇ. ವಿದ್ಯಾರ್ಥಿಗಳನ್ನು ಜೋಡಿಯಾಗಿ ಆರಿಸಬೇಕು: ಪ್ರತಿ ಹೊಣೆಗೂ ಅಂತಿಮ ವರ್ಷದ ಒಬ್ಬರು, ಮೊದಲ ವರ್ಷದ ಒಬ್ಬರು. ಅಂತಿಮ ವರ್ಷದವರನ್ನೇ ನೆಚ್ಚಿಕೊಂಡ ಕಾರ್ಯಕ್ರಮವು ಆ ತಂಡ ಪದವಿ ಮುಗಿಸಿ ಹೊರಟ ತಿಂಗಳಲ್ಲೇ ಅನಾಥವಾಗುತ್ತದೆ. ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯ ಹೆಸರಿನಲ್ಲಿ ಸ್ವಚ್ಛತಾ ಸಿಬ್ಬಂದಿಯ ಸಂಖ್ಯೆಯನ್ನು ಕಡಿಮೆ ಮಾಡುವುದಾಗಲಿ, ಹಾಜರಾತಿ ಕೊರತೆಯಿರುವವರಿಗೆ ಕಸದ ಕೆಲಸವನ್ನು ಶಿಕ್ಷೆಯಾಗಿ ವಿಧಿಸುವುದಾಗಲಿ ಸರ್ವಥಾ ಕೂಡದು. ಶಿಕ್ಷೆಯಾಗಿ ಬಂದ ಕೆಲಸವನ್ನು ಯಾರೂ ಗೌರವದಿಂದ ಮುಂದುವರಿಸುವುದಿಲ್ಲ.

ಸಮಿತಿಯ ಮೊದಲ ಕೆಲಸ ಒಂದು ವಾರದ ತೂಕ. ಪರೀಕ್ಷೆಯಾಗಲಿ ಹಬ್ಬವಾಗಲಿ ಇಲ್ಲದ ಸಾಮಾನ್ಯ ವಾರವೊಂದನ್ನು ಆರಿಸಿಕೊಂಡು, ಕೊಕ್ಕೆಗೆ ನೇತುಹಾಕುವ ತಕ್ಕಡಿಯಲ್ಲಿ ಮೆಸ್ಸಿನ ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಎಂಜಲು, ಕ್ಯಾಂಟೀನಿನ ಕಸ, ತರಗತಿಗಳ ಕಾಗದ ಮತ್ತು ಪ್ಲಾಸ್ಟಿಕ್, ಗುಡಿಸಿದ ತರಗೆಲೆ ಇವನ್ನು ಬೇರೆಬೇರೆಯಾಗಿ ಪ್ರತಿದಿನ ತೂಗಿ ಬರೆದಿಡಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗ್ರಾಂ ಮೀರಿ ಕಸ ಉತ್ಪಾದಿಸುವ ಸಂಸ್ಥೆಗಳನ್ನು, ಕಾಲೇಜುಗಳನ್ನೂ ಸೇರಿಸಿ, ಬೃಹತ್ ತ್ಯಾಜ್ಯ ಉತ್ಪಾದಕರೆಂದು ಗುರುತಿಸಿದವು. ತೂಗದೆ ಯಾವ ಕಾಲೇಜಿಗೂ ತಾನು ಆ ವರ್ಗಕ್ಕೆ ಸೇರುತ್ತದೆಯೋ ಇಲ್ಲವೋ ಎಂಬುದೇ ತಿಳಿಯದು. ಎಂಜಲಿನ ತೂಕವನ್ನು ಮೆಸ್ಸಿನ ಬಾಗಿಲಲ್ಲಿ ಪ್ರತಿದಿನ ಬರೆದು ಹಾಕುವುದು ಭಾಷಣಕ್ಕಿಂತ ಹೆಚ್ಚು ಪರಿಣಾಮಕಾರಿ. ನಿನ್ನೆ ಇಷ್ಟು ಕಿಲೋ ಅನ್ನ ಬುಟ್ಟಿಗೆ ಹೋಯಿತೆಂಬುದನ್ನು ಓದಿ ಒಳಹೋಗುವವರು ಬಡಿಸಿಕೊಳ್ಳುವಾಗ ಯೋಚಿಸುತ್ತಾರೆ.

ವಿಂಗಡಣೆಗೆ ಬೆಂಗಳೂರಿನಲ್ಲಿ ರೂಢಿಗೆ ಬಂದಿರುವ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಸಾಕಾಗುತ್ತದೆ: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡ್ ಮೊದಲಾದ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಕಾಗದ ಮತ್ತು ಪ್ಲಾಸ್ಟಿಕ್‌ನಂಥ ಒಣ ಕಸಕ್ಕೆ ಚೀಲ. ಸಂಜೆ ಕಸ ಒಯ್ಯುವ ತಳ್ಳುಗಾಡಿಯಲ್ಲಿಯೂ ಇದೇ ವಿಭಾಗಗಳಿರಬೇಕು. ಬೆಳಗ್ಗೆಯಿಂದ ಬೇರ್ಪಡಿಸಿದ್ದೆಲ್ಲ ಸಂಜೆ ಒಂದೇ ಗಾಡಿಯಲ್ಲಿ ಬೆರೆಯುವುದನ್ನು ಒಮ್ಮೆ ಕಂಡ ವಿದ್ಯಾರ್ಥಿ ಮರುದಿನ ವಿಂಗಡಿಸುವುದಿಲ್ಲ.

ಫೆಬ್ರುವರಿಯಲ್ಲಿ ಸುಟ್ಟ ಎಲೆ, ಜುಲೈಯ ದುರ್ವಾಸನೆ

ಹಸಿ ಕಸವನ್ನು ಆವರಣದಲ್ಲೇ ಗೊಬ್ಬರವಾಗಿಸುವ ಕೆಲಸದಲ್ಲಿ ಕಾಲೇಜುಗಳು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲವಾದ್ದರಿಂದ ಈ ಭಾಗವನ್ನು ಗಮನವಿಟ್ಟು ಓದಬೇಕು. ಕಸವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳಿಗೆ ಶಕ್ತಿಗಾಗಿ ಇಂಗಾಲವೂ ದೇಹ ಬೆಳೆಸಿಕೊಳ್ಳಲು ಸಾರಜನಕವೂ ಬೇಕು. ತೂಕದಲ್ಲಿ ಸುಮಾರು 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿದ್ದರೆ ಅವು ಚುರುಕಾಗಿ ಕೆಲಸ ಮಾಡುತ್ತವೆ. ಅಡುಗೆಮನೆಯ ಕಸದಲ್ಲಿ ಸಾರಜನಕವೂ ನೀರೂ ಹೆಚ್ಚು, ತರಗೆಲೆಯಲ್ಲಿ ಇಂಗಾಲ ಹೆಚ್ಚು. ಆದ್ದರಿಂದ ಹಸಿ ಕಸ ಒಂದನ್ನೇ ಗುಂಡಿಗೆ ಸುರಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ, ಹುಳು ಬೀಳುತ್ತದೆ. ಹಾಸ್ಟೆಲಿನಿಂದ ದೂರು ಬರುತ್ತದೆ, ಗುಂಡಿಗೆ ಮಣ್ಣು ಮುಚ್ಚಲಾಗುತ್ತದೆ, ಕಾಂಪೋಸ್ಟ್ ತಮ್ಮ ಕಾಲೇಜಿಗೆ ಆಗಿಬರುವುದಿಲ್ಲವೆಂಬ ತೀರ್ಮಾನ ಮುಂದಿನ ಹಲವು ವರ್ಷ ಉಳಿದುಬಿಡುತ್ತದೆ.

ಈ ಸೋಲಿನ ಮೂಲ ಐದಾರು ತಿಂಗಳ ಹಿಂದೆಯೇ ಇರುತ್ತದೆ. ಕರ್ನಾಟಕದ ಬಯಲುಸೀಮೆಯ ಆವರಣಗಳಲ್ಲಿ ಹೊಂಗೆ, ಬೇವು, ತೇಗ ಮೊದಲಾದ ಮರಗಳ ಎಲೆ ಹೆಚ್ಚಾಗಿ ಉದುರುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಅದನ್ನು ಕಸವೆಂದು ಭಾವಿಸಿ ಮೈದಾನದ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಲಾಗುತ್ತದೆ. ಹೊಗೆಯಿಂದ ಆಗುವ ಹಾನಿ ಒಂದೆಡೆ, ಕಸವನ್ನು ಬಯಲಲ್ಲಿ ಸುಡುವುದಕ್ಕೆ ನಿಯಮಗಳಲ್ಲೇ ನಿಷೇಧವಿರುವುದು ಇನ್ನೊಂದೆಡೆ. ಇವೆರಡನ್ನೂ ಮೀರಿದ ನಷ್ಟವೆಂದರೆ, ಜೂನ್–ಜುಲೈಯಲ್ಲಿ ಹಾಸ್ಟೆಲ್ ತುಂಬಿ ಮಳೆಯೂ ಹಿಡಿದು ಗುಂಡಿಗೆ ಒಣ ಎಲೆ ತುರ್ತಾಗಿ ಬೇಕಾದಾಗ ಆವರಣದಲ್ಲಿ ಒಂದು ಬುಟ್ಟಿಯಷ್ಟೂ ಸಿಗದಿರುವುದು.

ಆದುದರಿಂದ ಗೊಬ್ಬರದ ಕೆಲಸವು ಗುಂಡಿ ತೋಡುವುದರಿಂದಲ್ಲದೆ ಎಲೆ ಕೂಡಿಡುವುದರಿಂದ ಆರಂಭವಾಗಬೇಕು. ದಿನಕ್ಕೆ 30 ಕಿಲೋ ಹಸಿ ಕಸ ಬರುವ ಹಾಸ್ಟೆಲಿಗೆ ಸುಮಾರು 10ರಿಂದ 13 ಕಿಲೋ ಒಣ ಎಲೆ ಬೇಕಾಗುತ್ತದೆ, ಎಂದರೆ 100 ದಿನಗಳಿಗೆ ಒಂದು ಟನ್ನಿಗೂ ಹೆಚ್ಚು. ತುಳಿದು ತುಂಬಿದರೂ ಇದಕ್ಕೆ ನೂರಕ್ಕಿಂತ ಹೆಚ್ಚು ಗೋಣಿಚೀಲಗಳು ಹಿಡಿಯುವುದರಿಂದ, ಚೀಲಗಳನ್ನೂ ಮಳೆ ತಾಗದ ಒಂದು ಸೂರನ್ನೂ ಡಿಸೆಂಬರ್ ಒಳಗೇ ಗೊತ್ತುಮಾಡಿಕೊಳ್ಳಬೇಕು. ಉಗ್ರಾಣಕ್ಕೆ ಮಿಕ್ಕ ಎಲೆಯನ್ನು ಕೋಳಿಬಲೆಯ ಜಾಲರಿಯಿಂದ ಮಾಡಿದ ವೃತ್ತಾಕಾರದ ಪಂಜರದಲ್ಲಿ ತುಂಬಿ, ಸಗಣಿ ಬಗ್ಗಡ ಚಿಮುಕಿಸಿ, ಒದ್ದೆ ಆರದಂತೆ ನೋಡಿಕೊಂಡರೆ ಕೆಲವೇ ತಿಂಗಳಲ್ಲಿ ಅದೂ ಗೊಬ್ಬರವಾಗುತ್ತದೆ.

ಇನ್ನು ದಿನನಿತ್ಯದ ಕ್ರಮ. ಮೆಸ್ಸಿನ ಎಂಜಲನ್ನು ಮೊದಲು ಬಿದಿರಿನ ಬುಟ್ಟಿಯಲ್ಲಿ ಬಸಿಯಬೇಕು. ಸಾಂಬಾರು ಮತ್ತು ಮಜ್ಜಿಗೆಯ ನೀರು ಗುಂಡಿಗಿಳಿದರೆ ಎಷ್ಟು ಎಲೆಯೂ ಸಾಲದು. ಅನ್ನ ಮುದ್ದೆಗಟ್ಟಿದ್ದರೆ ಕೈಗವಸು ತೊಟ್ಟು ಅದನ್ನು ಉದುರಿಸಬೇಕು, ಏಕೆಂದರೆ ಮುದ್ದೆಯ ಒಳಗೆ ಗಾಳಿ ಹೋಗದೆ ಹುಳಿ ವಾಸನೆ ಹುಟ್ಟುವುದು ಅಲ್ಲಿಂದಲೇ. ಒಂದು ಬಕೆಟ್ ಹಸಿ ಕಸಕ್ಕೆ ಎರಡರಿಂದ ಮೂರು ಬಕೆಟ್ ಎಲೆಯಂತೆ ಪದರ ಹಾಕುತ್ತ, ಪ್ರತಿ ಬಾರಿಯೂ ಮೇಲ್ಪದರ ಎಲೆಯದೇ ಆಗಿರುವಂತೆ ಮುಚ್ಚಬೇಕು. ರಾಶಿಯ ಉದ್ದ, ಅಗಲ, ಎತ್ತರ ಒಂದೊಂದು ಮೀಟರಾದರೂ ಇದ್ದರೆ ಮಾತ್ರ ಒಳಗೆ ಶಾಖ ನಿಲ್ಲುತ್ತದೆ. ಸರಿಯಾಗಿ ಕಟ್ಟಿದ ರಾಶಿಯ ಒಡಲು ಕೆಲವೇ ದಿನಗಳಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟಿ, ರೋಗಾಣುಗಳನ್ನೂ ಕಳೆಬೀಜಗಳನ್ನೂ ಬಹುಮಟ್ಟಿಗೆ ನಾಶಪಡಿಸುತ್ತದೆ. ತೇವ ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಮೂಡಿದರೆ ಸರಿ, ನೀರು ಧಾರೆಯಾಗಿ ಇಳಿದರೆ ಎಲೆ ಬೇಕು, ಹಿಡಿ ಬಿಟ್ಟಾಗ ಪುಡಿಯಾಗಿ ಉದುರಿದರೆ ನೀರು ಬೇಕು. ವಾರಕ್ಕೊಮ್ಮೆ ರಾಶಿಯನ್ನು ಮಗುಚುತ್ತಿದ್ದರೆ ಎರಡು–ಮೂರು ತಿಂಗಳಲ್ಲಿ, ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ದುಬಾರಿ ಯಂತ್ರಗಳನ್ನು ಮಾರಲು ಬರುವವರ ಮಾತಿಗೆ ಮರುಳಾಗುವ ಮೊದಲು ಈ ಕ್ರಮವನ್ನು ಒಂದು ವರ್ಷ ಪಾಲಿಸಿ ನೋಡುವುದು ವಿವೇಕ. ಎಲೆಯಿಲ್ಲದಿದ್ದರೆ ಯಂತ್ರದಲ್ಲೂ ಕಸ ನಾರುತ್ತದೆ.

ನೀರು ಮತ್ತು ವಿದ್ಯುತ್

ನೀರಿನ ಲೆಕ್ಕಕ್ಕೆ ವಿದ್ಯಾರ್ಥಿಗಳು ಸೋರುವ ಪ್ರತಿ ನಲ್ಲಿಯ ಕೆಳಗೆ ಒಂದು ಗಂಟೆ ಪಾತ್ರೆಯಿಟ್ಟು ಅಳೆದರೆ ಸಾಕು. ಸೆಕೆಂಡಿಗೊಂದು ಹನಿಯಂತೆ ಸೋರುವ ನಲ್ಲಿ ದಿನಕ್ಕೆ ಹೆಚ್ಚುಕಡಿಮೆ 20 ಲೀಟರ್ ನೀರು ಕಳೆಯುತ್ತದೆ, ಅದನ್ನು ನಿಲ್ಲಿಸಲು ಬೇಕಾಗುವುದು ಒಂದು ವಾಷರ್. ಕುಡಿಯುವ ನೀರಿನ ಶುದ್ಧೀಕರಣ ಘಟಕದಿಂದ ಹೊರಬೀಳುವ ಲವಣಯುಕ್ತ ನೀರನ್ನು ನೆಲ ಒರೆಸಲು ಮತ್ತು ಶೌಚಾಲಯಕ್ಕೆ ತಿರುಗಿಸಬೇಕೇ ಹೊರತು ಗಿಡಗಳಿಗಲ್ಲ. ಮಳೆನೀರಿನ ಲೆಕ್ಕ ಇನ್ನೂ ಸರಳ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್. 1000 ಚದರ ಮೀಟರ್ ಚಾವಣಿಯಿರುವ ಕಟ್ಟಡಕ್ಕೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಒಣ ಪ್ರದೇಶದಲ್ಲಿಯೂ 6 ಲಕ್ಷ ಲೀಟರ್ ಬೀಳುತ್ತದೆ, ಅದರಲ್ಲಿ ಐದನೆಯ ಒಂದು ಭಾಗ ನಷ್ಟವಾದರೂ 4.8 ಲಕ್ಷ ಲೀಟರ್ ಹಿಡಿಯಬಹುದು. ಮೊದಲ ಮಳೆಯ ಧೂಳಿನ ನೀರನ್ನು ಹೊರಬಿಡುವ ಕವಾಟವಿಲ್ಲದೆ ಇದನ್ನು ತೊಟ್ಟಿಗಾಗಲಿ ಇಂಗುಗುಂಡಿಗಾಗಲಿ ಬಿಡಬಾರದು.

ವಿದ್ಯುತ್ತಿನಲ್ಲಿ ಫ್ಯಾನುಗಳತ್ತ ಮೊದಲು ನೋಡಬೇಕು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನದು ಸುಮಾರು 30 ವ್ಯಾಟ್ ಬಳಸುತ್ತದೆ. 200 ಫ್ಯಾನುಗಳು ದಿನಕ್ಕೆ ಆರು ಗಂಟೆಯಂತೆ ವರ್ಷದ 200 ದಿನ ತಿರುಗುವ ಕಾಲೇಜಿನಲ್ಲಿ ಈ ಬದಲಾವಣೆಯಿಂದ 10,800 ಯೂನಿಟ್ ಉಳಿಯುತ್ತದೆ. ಕೆಟ್ಟ ಕಂಪ್ಯೂಟರ್ ಮತ್ತು ಬ್ಯಾಟರಿಗಳನ್ನು ಗುಜರಿಗೆ ಹಾಕದೆ ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು.

ಕೊನೆಯಲ್ಲಿ ಸಸಿ

ಗೊಬ್ಬರವೂ ನೀರೂ ಆವರಣದಲ್ಲೇ ಸಿಗುವಂತಾದ ಮೇಲೆ ಗಿಡ ನೆಡುವುದು ಸರಿಯಾದ ಅನುಕ್ರಮ. ನೇರಳೆ, ಅತ್ತಿ, ಹೊಂಗೆಯಂಥ ಸ್ಥಳೀಯ ಜಾತಿಗಳನ್ನು ಆರಿಸಿ, ಮಳೆ ನೆಲಕ್ಕಿಳಿದ ನಂತರ ನೆಡಬೇಕು. ಇರುವ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೆಂಬುದು ಆಡಳಿತ ಮಂಡಳಿಗಳ ಗಮನದಲ್ಲಿರಲಿ. ಫೆಬ್ರುವರಿಯಲ್ಲಿ ದೇಶದಾದ್ಯಂತ ನಡೆಯುವ ಕ್ಯಾಂಪಸ್ ಪಕ್ಷಿಗಣತಿಯಲ್ಲಿ ಪಾಲ್ಗೊಂಡು ಪಟ್ಟಿಯನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡರೆ ಆವರಣದ ಬದಲಾವಣೆಯನ್ನು ತಿಳಿಯಲು ಒಂದು ನಂಬಲರ್ಹ ದಾಖಲೆ ಸಿಗುತ್ತದೆ. ನೆಡುವ ಪ್ರತಿ ಸಸಿಗೂ ಏಪ್ರಿಲ್–ಮೇ ರಜೆಯಲ್ಲಿ ನೀರುಣಿಸುವವರ ಹೆಸರನ್ನು ಮುಂಚಿತವಾಗಿಯೇ ಬರೆದಿಡಬೇಕು. ಆ ಹೆಸರು ನಿಗದಿಯಾಗದಿದ್ದಲ್ಲಿ ನೆಡುವುದನ್ನು ಮುಂದಿನ ಮಳೆಗಾಲಕ್ಕೆ ಮುಂದೂಡುವುದೇ ಲೇಸು.