ವಿಮಾನದ ಉಪ್ಪಿಟ್ಟು: ಮೆನು ಹೇಳುವುದೇನು, ಹೇಳದೆ ಬಿಡುವುದೇನು?

ವಿಮಾನ ಪ್ರಯಾಣ ಈಗ ಸಿರಿವಂತರಿಗೆ ಮಾತ್ರ ಮೀಸಲಾದುದಲ್ಲ. ಸಿರುಗುಪ್ಪದ ಅಕ್ಕಿ ಗಿರಣಿ ಗುಮಾಸ್ತರ ಮಗ ದುಬೈಯಲ್ಲಿರುತ್ತಾನೆ. ಕುರುಗೋಡಿನ ಮೇಷ್ಟರ ಮಗಳು ದೆಹಲಿಯಲ್ಲಿ ನೌಕರಿಯಲ್ಲಿರುತ್ತಾಳೆ. ಉಡಾನ್ ಯೋಜನೆಯಡಿ 2017ರಲ್ಲಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದಲೂ ಪ್ರಯಾಣಿಕರ ವಿಮಾನ ಹಾರಿತು. ದೂರದ ಊರಿಗೆ ಹೋಗುವವರು ಬೆಂಗಳೂರು ಇಲ್ಲವೆ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಹೀಗೆ ಹೋಗುವವರಲ್ಲಿ ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಹೊರಟ ಅರವತ್ತು ದಾಟಿದವರೇ ಬಹಳ. ಅವರಲ್ಲಿ ಅನೇಕರ ಚೀಲದಲ್ಲಿ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದೇ ಇರುತ್ತವೆ.

ವಿಮಾನದಲ್ಲಿ ಹಸಿವಾದಾಗ ಇವರ ಕೈಗೆ ಬರುವುದು ಒಂದು ಮೆನು ಪುಸ್ತಿಕೆ. ಬಣ್ಣದ ಚಿತ್ರ, ಹಬೆಯಾಡುವ ಉಪ್ಪಿಟ್ಟು, ಮೇಲೆ ಕರಿಬೇವು, ಗೋಡಂಬಿ. ಅದನ್ನು ನಂಬಿ ದುಡ್ಡು ಕೊಟ್ಟು ಕೊಂಡದ್ದು ರೋಗಿಯ ಪಥ್ಯಕ್ಕೆ ಸರಿಹೊಂದುತ್ತದೆಯೆ? ಮೆನುವಿನ ವರ್ಣನೆ ಪ್ರಯಾಣಿಕರ ದಾರಿ ತಪ್ಪಿಸುತ್ತದೆಯೆ? ಈ ವಾರ ಇದನ್ನು ವಿಚಾರ ಮಾಡೋಣ.

ದುಡ್ಡು ಕೊಟ್ಟು ಕೊಳ್ಳುವ ಊಟ

ಒಂದು ಕಾಲಕ್ಕೆ ಟಿಕೆಟ್ಟಿನ ಬೆಲೆಯಲ್ಲೇ ಊಟವೂ ಸೇರಿರುತ್ತಿತ್ತು. 2003ರಲ್ಲಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಅಗ್ಗದ ದರದ ವಿಮಾನಯಾನ ನಮ್ಮ ದೇಶಕ್ಕೆ ಬಂದಿತು. ಟಿಕೆಟ್ ಅಗ್ಗ, ತಿಂಡಿಗೆ ಬೇರೆ ದುಡ್ಡು ಎಂಬ ಪದ್ಧತಿ ರೂಢಿಯಾಯಿತು. ಬಿಟ್ಟಿ ಊಟ ಹೇಗಿದ್ದರೂ ತಿಂದೆವು ಎನ್ನಬಹುದು. ಮಾರಾಟದ ಊಟವಾದರೆ ಅದು ಸರಕು. ಕೊಳ್ಳುವವನಿಗೆ ಅದರ ಬಗ್ಗೆ ನಿಜ ತಿಳಿಯುವ ಹಕ್ಕಿದೆ.

ಮೇಲೆ ಅಡುಗೆ ಮನೆಯಿಲ್ಲ. ಇರುವುದು ಬಿಸಿ ಮಾಡುವ ಒಲೆ ಮತ್ತು ಬಿಸಿನೀರು. ಆದ್ದರಿಂದ ಮಾರುವ ತಿನಿಸುಗಳು ಮೂರು ಬಗೆ. ಕೆಳಗೆ ಅಡುಗೆ ಮಾಡಿ ತಣ್ಣಗಿಟ್ಟು ತಂದ ಸ್ಯಾಂಡ್‌ವಿಚ್, ಊಟ. ನೀರಿನಂಶ ತೆಗೆದು ಒಣಗಿಸಿದ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿ, ನೂಡಲ್ಸ್. ಪೊಟ್ಟಣದ ಗೋಡಂಬಿ, ಬಿಸ್ಕತ್ತು, ಹಣ್ಣಿನ ರಸ. ಉಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದುದು ಎರಡನೆಯ ಬಗೆಗೆ.

2024ರ ಚರ್ಚೆ

2024ರ ಏಪ್ರಿಲ್‌ನಲ್ಲಿ ಈ ವಿಷಯ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಆಹಾರ ಪೊಟ್ಟಣಗಳ ಚೀಟಿ ಓದಿ ಜನರಿಗೆ ತಿಳಿಸುವ ರೇವಂತ್ ಹಿಮತ್ಸಿಂಗ್ಕಾ ಎಂಬುವರು ಇಂಡಿಗೋ ವಿಮಾನದಲ್ಲಿ ಮಾರುವ ಉಪ್ಪಿಟ್ಟಿನಲ್ಲಿ ಮ್ಯಾಗಿ ನೂಡಲ್ಸ್‌ಗಿಂತ ಶೇ 50ರಷ್ಟು, ಅವಲಕ್ಕಿಯಲ್ಲಿ ಸುಮಾರು ಶೇ 83ರಷ್ಟು ಹೆಚ್ಚು ಸೋಡಿಯಂ ಇದೆ ಎಂದು ಹೇಳಿದರು. ನೂಡಲ್ಸ್‌ನಲ್ಲಿ ಉಪ್ಪು ಜಾಸ್ತಿ ಎಂಬುದು ಜನರಿಗೆ ಗೊತ್ತು, ಉಪ್ಪಿಟ್ಟಿನ ಬಗ್ಗೆ ಮಾತ್ರ ಯಾರಿಗೂ ಸಂಶಯ ಬರುವುದಿಲ್ಲ ಎಂಬುದು ಅವರ ವಾದ.

ವಿಮಾನ ಸಂಸ್ಥೆಯೂ ಉತ್ತರ ಕೊಟ್ಟಿತು. ಪೊಟ್ಟಣದ ಆಹಾರಗಳು ಸರ್ಕಾರದ ಚೀಟಿ ನಿಯಮಗಳನ್ನು ಪಾಲಿಸುತ್ತವೆ, ಕೆಲವನ್ನು ಸಾಂಪ್ರದಾಯಿಕ ಪಾಕವಿಧಾನದಂತೆ ತಯಾರಿಸಲಾಗಿದೆ, ಉಪ್ಪು ಮಿತಿಯೊಳಗೇ ಇದೆ, ಪ್ರಯಾಣಿಕರಿಗೆ ತಿಳಿಯಲೆಂದೇ ಪೊಟ್ಟಣದ ಮೇಲೆ ವಿವರ ಮುದ್ರಿಸಿದೆ ಎಂದಿತು.

ಎರಡು ಮಾತುಗಳಲ್ಲೂ ಸತ್ಯವಿದೆ. ಮನೆಯ ಉಪ್ಪಿಟ್ಟಿಗೂ ಉಪ್ಪು ಹಾಕುತ್ತೇವೆ. ನಮ್ಮ ಬಳ್ಳಾರಿಯ ಉಗ್ಗಾಣಿ ಮಿರ್ಚಿಯಾಗಲಿ, ಉಪ್ಪಿನಕಾಯಿ ಹಪ್ಪಳವಾಗಲಿ ಸಪ್ಪೆ ಪದಾರ್ಥಗಳಲ್ಲ. ಆದರೆ ಮನೆಯಲ್ಲಿ ಉಪ್ಪು ಹಾಕುವ ಕೈಗೆ ಉಣ್ಣುವವರ ಕಾಯಿಲೆ ಗೊತ್ತಿರುತ್ತದೆ. ಕಾರ್ಖಾನೆಗೆ ಗೊತ್ತಿರುವುದಿಲ್ಲ. ಅಲ್ಲದೆ, ವಿವರ ಪೊಟ್ಟಣದ ಹಿಂಭಾಗದಲ್ಲಿದೆ; ನಾವು ಆರಿಸುವುದು ಮೆನು ನೋಡಿ. ಪೊಟ್ಟಣ ಕೈಗೆ ಬರುವ ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ, ಬಿಸಿನೀರೂ ಹಾಕಿಯಾಗಿರುತ್ತದೆ.

ಮೇಲೆ ಹೋದರೆ ರುಚಿ ಏಕೆ ಕಡಿಮೆ?

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಿಂದ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟಿರುತ್ತದೆ, ಅಂದರೆ ಹೆಚ್ಚು ಕಡಿಮೆ ಊಟಿಯ ಎತ್ತರ. ಗಾಳಿ ಬಹಳ ಒಣಗಿರುತ್ತದೆ. ಮೂಗು ಒಣಗಿ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದೇ. 2010ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಲುಫ್ತಾನ್ಸಾ ವಿಮಾನ ಸಂಸ್ಥೆಗಾಗಿ ನಡೆಸಿದ ಪ್ರಯೋಗದಲ್ಲಿ ಇಂಥ ವಾತಾವರಣದಲ್ಲಿ ಉಪ್ಪಿನ ರುಚಿ ಸುಮಾರು ಶೇ 20ರಿಂದ 30ರಷ್ಟು ಕಡಿಮೆಯಾಗಿ ತಿಳಿಯುತ್ತದೆಂದು ಕಂಡುಬಂದಿತು.

ಇದರಿಂದ ಎರಡು ಪರಿಣಾಮ. ರುಚಿ ಬರಲೆಂದು ತಯಾರಕರಿಗೆ ಉಪ್ಪು, ಮಸಾಲೆ ಮುಂದು ಮಾಡುವ ಮನಸ್ಸಾಗುತ್ತದೆ. ಎರಡನೆಯದು ರೋಗಿಗೆ ಇನ್ನೂ ಮುಖ್ಯ: ಉಪ್ಪು ಹೆಚ್ಚಿದೆಯೇ ಎಂದು ನಾಲಗೆಯಿಂದ ಅಳೆಯುವ ನಮ್ಮ ಹಳೆಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ನಾಲಗೆ ಸಪ್ಪೆ ಎಂದರೂ ಪೊಟ್ಟಣದಲ್ಲಿ ಉಪ್ಪು ಧಾರಾಳವಾಗಿರಬಹುದು.

ಲೆಕ್ಕ ಹಾಕುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಅದು ಒಂದು ಸಣ್ಣ ಚಮಚದಷ್ಟು. ಅದರಲ್ಲಿ ಸುಮಾರು 2,000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಚೀಟಿಯ ಮೇಲೆ ಬರೆದಿರುವುದು ಉಪ್ಪಲ್ಲ, ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ.

ಒಂದು ಉದಾಹರಣೆ ನೋಡಿ. ಪೊಟ್ಟಣದ ಮೇಲೆ 100 ಗ್ರಾಂಗೆ 1,100 ಮಿಲಿಗ್ರಾಂ ಸೋಡಿಯಂ ಎಂದಿದೆ ಎಂದಿಟ್ಟುಕೊಳ್ಳಿ. ಪೊಟ್ಟಣ 80 ಗ್ರಾಂ. ಆಗ ನೀವು ತಿನ್ನುವ ಸೋಡಿಯಂ 880 ಮಿಲಿಗ್ರಾಂ, ಅಂದರೆ 2.2 ಗ್ರಾಂ ಉಪ್ಪು. ಇಡೀ ದಿನದ ಪಾಲಿನಲ್ಲಿ ಶೇ 44 ಒಂದೇ ತಿಂಡಿಯಲ್ಲಿ ಮುಗಿಯಿತು. ಇದರ ಜೊತೆಗೆ ಉಪ್ಪು ಹಚ್ಚಿದ ಗೋಡಂಬಿ, ಮಸಾಲೆ ಮಜ್ಜಿಗೆ ಸೇರಿದರೆ ರಾತ್ರಿಯ ಊಟಕ್ಕೆ ಮೊದಲೇ ಪಾಲು ತೀರುತ್ತದೆ.

ಗುಣಾಕಾರ ಬೇಡವೆನ್ನುವವರಿಗೆ ಇನ್ನೊಂದು ಉಪಾಯವಿದೆ. 2020ರ ಚೀಟಿ ನಿಯಮಗಳ ಪ್ರಕಾರ, ಒಂದು ಸಲ ತಿನ್ನುವ ಪ್ರಮಾಣದಲ್ಲಿ ದಿನದ ಅಗತ್ಯದ ಶೇಕಡಾ ಎಷ್ಟು ಸೋಡಿಯಂ ಇದೆ ಎಂಬುದನ್ನೂ ಮುದ್ರಿಸಬೇಕು. ಆ ಅಂಕಿಯನ್ನು ಹುಡುಕಿ. ಆದರೆ ಒಂದು ಸಲದ ಪ್ರಮಾಣ ಎಂದರೆ ಇಡೀ ಪೊಟ್ಟಣವೋ ಅರ್ಧವೋ ಎಂಬುದನ್ನು ನೋಡಲು ಮರೆಯಬೇಡಿ.

ಉಪ್ಪಿಟ್ಟು ಪಥ್ಯವೇ?

ಸಿರುಗುಪ್ಪ ಕಡೆಯ ಹಿರಿಯರೊಬ್ಬರು ಹೃದಯದ ಬಲ ಕುಗ್ಗಿದ್ದರಿಂದ ಉಪ್ಪು ಕಡಿಮೆ ಮಾಡಿ, ಮೂತ್ರ ಹೆಚ್ಚಿಸುವ ಮಾತ್ರೆಯ ಮೇಲೆ ಚೆನ್ನಾಗಿದ್ದರು. ಮಗನ ಮನೆಗೆ ಹೋಗಿ ಬಂದ ಮೇಲೆ ಕಾಲು ಬಾತು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ವಿಚಾರಿಸಿದಾಗ ತಿಳಿದುದು ಇಷ್ಟು: ದಾರಿಯಲ್ಲಿ ಪದೇ ಪದೇ ಏಳಬೇಕಾದೀತೆಂದು ನೀರಿನ ಮಾತ್ರೆ ಬಿಟ್ಟಿದ್ದರು. ಹೋಗುವಾಗ, ಬರುವಾಗ ವಿಮಾನದಲ್ಲಿ ಉಪ್ಪಿಟ್ಟು, ಸೂಪು ಕೊಂಡಿದ್ದರು. ಅಲ್ಲಿ ಇದ್ದಷ್ಟು ದಿನ ಹೋಟೆಲಿನ ಊಟ.

"ಉಪ್ಪಿಟ್ಟು ಅಂತ ಬರೆದಿದ್ರು, ಅದಕ್ಕೇ ತಗೊಂಡೆ ಡಾಕ್ಟ್ರೇ. ಉಪ್ಪಿಟ್ಟು ಪಥ್ಯದ ಊಟ ಅಲ್ಲೇನ್ರೀ?" ಎಂದು ಅವರು ಕೇಳಿದರು.

ಕಾಲು ಬಾತದ್ದು ಒಂದೇ ಪೊಟ್ಟಣದಿಂದ ಎಂದು ಹೇಳಲಾಗದು. ಮಾತ್ರೆ ಬಿಟ್ಟದ್ದು, ಹೊರಗಿನ ಊಟ, ವಿಮಾನದ ತಿಂಡಿ ಎಲ್ಲವೂ ಕೂಡಿದವು. ಆದರೆ ಅವರ ಪ್ರಶ್ನೆಯಲ್ಲೇ ನಮ್ಮ ವಿಷಯವಿದೆ. ಬರ್ಗರ್ ಎಂದರೆ ಅವರು ದೂರ ಸರಿಸುತ್ತಿದ್ದರು. ಉಪ್ಪಿಟ್ಟು ಎಂಬ ಪರಿಚಿತ ಹೆಸರೇ ಅವರನ್ನು ಎಚ್ಚರ ತಪ್ಪಿಸಿತು. ಮೆನುವಿನಲ್ಲಿ ಸುಳ್ಳು ಇರಲಿಲ್ಲ; ಅವರಿಗೆ ಬೇಕಾದ ನಿಜವೂ ಇರಲಿಲ್ಲ.

ಮಾತುಗಳ ಒಳಮರ್ಮ

ಯಾವ ಮಾತಿಗೆ ಏನು ಅರ್ಥ ಎಂಬುದಕ್ಕೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಿವೆ. ಕೆಲವನ್ನು ತಿಳಿದಿರುವುದು ಲೇಸು.

ತಾಜಾ: ತೊಳೆದು, ಸುಲಿದು, ಹೆಚ್ಚಿ, ತಂಪಾಗಿಟ್ಟದ್ದಕ್ಕಿಂತ ಹೆಚ್ಚಿನ ಸಂಸ್ಕರಣೆ ಆಗದ ಪದಾರ್ಥಕ್ಕೆ ಈ ಮಾತು ಸಲ್ಲುತ್ತದೆ. ಒಣಗಿಸಿ ತಿಂಗಳುಗಟ್ಟಲೆ ಇಟ್ಟದ್ದು ತಾಜಾ ಅಲ್ಲ.

ಸಾಂಪ್ರದಾಯಿಕ: ಪಾಕವಿಧಾನ ತಲೆಮಾರುಗಳಿಂದ ಬಂದದ್ದು ಎಂದಷ್ಟೇ ಇದರ ಅರ್ಥ. ಆರೋಗ್ಯಕರ ಎಂದಲ್ಲ.

ಮಲ್ಟಿಗ್ರೇನ್, ರಾಗಿ, ಓಟ್ಸ್: ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ರಾಗಿ ಅದರ ನೆಂಟ ಮಾತ್ರ.

ಸಕ್ಕರೆ ಸೇರಿಸಿಲ್ಲ: ಹಣ್ಣಿನಲ್ಲಿರುವ ಸಕ್ಕರೆ ಇದ್ದೇ ಇದೆ. ಮಧುಮೇಹಿಗಳು ಇದನ್ನು ಸಕ್ಕರೆ ಇಲ್ಲ ಎಂದು ಓದಬಾರದು. ಗಟ್ಟಿ ಮಾಡಿದ ರಸಕ್ಕೆ ನೀರು ಬೆರೆಸಿ ಮಾಡಿದ್ದನ್ನು ನೂರಕ್ಕೆ ನೂರು ಹಣ್ಣಿನ ರಸ ಎಂದು ಕರೆಯುವುದನ್ನು ನಿಲ್ಲಿಸುವಂತೆ 2024ರ ಜೂನ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಆದೇಶಿಸಿತು.

ಇನ್ನು ಚಿತ್ರಗಳು. ಚಿತ್ರದಲ್ಲಿ ಕಾಣುವ ಹಸಿ ಕೊತ್ತಂಬರಿ, ನಿಂಬೆ ಹೋಳು ಅಲಂಕಾರಕ್ಕೆ ಇಟ್ಟದ್ದಾಗಿರಬಹುದು. ಹೊಟ್ಟೆಗೆ ಹೋಗುವುದು ಚೀಟಿಯಲ್ಲಿರುವುದೇ ಹೊರತು ಚಿತ್ರದಲ್ಲಿರುವುದಲ್ಲ.

ಕಾಯ್ದೆ ಏನು ಹೇಳುತ್ತದೆ?

ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲು ಸಂಸ್ಥೆಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. 2024ರ ಜನವರಿಯಲ್ಲಿ ಪ್ರಾಧಿಕಾರವು ವಿಮಾನ ಸಂಸ್ಥೆಗಳನ್ನೂ ಅವುಗಳಿಗೆ ಊಟ ಒದಗಿಸುವವರನ್ನೂ ಕರೆದು, ಆಹಾರದ ವಿವರ ಪ್ರಯಾಣಿಕರಿಗೆ ಸಮಗ್ರವಾಗಿ ತಿಳಿಯುವಂತೆ ಮೆನು ಇರಬೇಕೆಂದು ಒತ್ತಿ ಹೇಳಿತು. ಆದರೆ ರೋಗಿಗೆ ಮೊದಲು ಬೇಕಾದುದು ಉಪ್ಪಿನ ಲೆಕ್ಕ. ಬೆಲೆ ಮುದ್ರಿಸುವ ಜಾಗದ ಪಕ್ಕದಲ್ಲೇ ಸೋಡಿಯಂ ಎಷ್ಟೆಂದು ಒಂದು ಸಾಲು ಮುದ್ರಿಸಿದರೆ ಸಾಕು, ವಿಮಾನ ಸಂಸ್ಥೆಗಳಿಗೆ ಅದೇನೂ ದೊಡ್ಡ ಖರ್ಚಲ್ಲ.

ವರ್ಣನೆ ನಿಜಕ್ಕೂ ಸುಳ್ಳಾಗಿದ್ದರೆ ಸುಮ್ಮನಿರಬೇಕಾಗಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ವಿಮಾನ ದೆಹಲಿಯಲ್ಲಿ ಇಳಿದಿದ್ದರೂ ದೂರು ಬಳ್ಳಾರಿಯಲ್ಲೇ ಕೊಡಬಹುದು. ಬಿಲ್ಲು, ಪೊಟ್ಟಣ, ಮೆನುವಿನ ಫೋಟೊ ಇಟ್ಟುಕೊಂಡಿರಬೇಕು.

ಪ್ರಯಾಣಿಕರಿಗೆ ಕೆಲವು ಸಲಹೆಗಳು

1. ಕೊಳ್ಳುವ ಮೊದಲು ಪೊಟ್ಟಣ ತೋರಿಸಿ ಎಂದು ಕೇಳಿ. ಬಿಸಿನೀರು ಹಾಕುವ ಮೊದಲೇ ಚೀಟಿ ಓದಿ. ಕನ್ನಡಕ ಕೈಚೀಲದಲ್ಲಿರಲಿ.

2. ಮನೆಯ ಬುತ್ತಿಯೇ ಮೇಲು. ಜೋಳದ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಶೇಂಗಾ ಚಟ್ನಿಪುಡಿ, ಚಪಾತಿ, ಬಾಳೆಹಣ್ಣು ಒಯ್ಯಬಹುದು. ಮೊಸರು, ಸಾಂಬಾರಿನಂಥ ದ್ರವಗಳನ್ನು ತಪಾಸಣೆಯಲ್ಲಿ ತಡೆಯಬಹುದು.

3. ಒತ್ತಡ ಕಡಿಮೆಯಾದಾಗ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಹೊಟ್ಟೆ ಬಿರಿಯುವಂತೆ ತಿನ್ನಬೇಡಿ. ಸೋಡಾ ಪಾನೀಯ ಬೇಡ. ನೀರನ್ನು ಆಗಾಗ ಗುಟುಕರಿಸಿ. ನೀರಿಗೆ ಮಿತಿ ಹೇಳಿಸಿಕೊಂಡ ಹೃದಯ, ಮೂತ್ರಪಿಂಡದ ರೋಗಿಗಳು ತಮ್ಮ ಮಿತಿಯನ್ನೇ ಪಾಲಿಸಬೇಕು.

4. ರಕ್ತದೊತ್ತಡದ, ನೀರಿನ ಮಾತ್ರೆಗಳನ್ನು ಪ್ರಯಾಣದ ನೆಪದಲ್ಲಿ ಬಿಡಬೇಡಿ. ವೇಳೆ ಬದಲಿಸಬೇಕಾದರೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ.

5. ಮಧುಮೇಹಿಗಳು ಮಾತ್ರೆ, ಇನ್ಸುಲಿನ್, ನಾಲ್ಕು ತುಂಡು ಬೆಲ್ಲ ಅಥವಾ ಗ್ಲೂಕೋಸ್ ಪುಡಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ತಿಂಡಿ ಬರುತ್ತದೆಂದು ನಂಬಿ ಮೊದಲೇ ಇನ್ಸುಲಿನ್ ಚುಚ್ಚಿಕೊಳ್ಳಬಾರದು. ತಿಂಡಿ ಎದುರಿಗೆ ಬಂದ ಮೇಲೆ ಚುಚ್ಚಿಕೊಳ್ಳಿ.

6. ಶೇಂಗಾ, ಗೋಡಂಬಿ, ಹಾಲು, ಗೋಧಿ ಒಗ್ಗದವರು ಅಲರ್ಜಿಯ ಸಾಲನ್ನು ತಪ್ಪದೆ ಓದಬೇಕು. ಸಸ್ಯಾಹಾರಿಗಳು ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಬೇಕು; ಮಾಂಸಾಹಾರಕ್ಕೆ ಕಂದು ತ್ರಿಕೋನ.

ಇವು ಆಕಾಶಕ್ಕಷ್ಟೇ ಅಲ್ಲ, ಬಳ್ಳಾರಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೊಳ್ಳುವ ಪೊಟ್ಟಣಕ್ಕೂ, ಬಸ್ ನಿಲ್ದಾಣದ ಅಂಗಡಿಯ ಕುರುಕಲಿಗೂ ಅನ್ವಯಿಸುತ್ತವೆ. ಮನೆಯಲ್ಲಿ ಓದು ಬಲ್ಲ ಮಕ್ಕಳು ಅಜ್ಜ ಅಜ್ಜಿಯರಿಗೆ ಚೀಟಿಯಲ್ಲಿ ಸೋಡಿಯಂ ಎಂಬ ಸಾಲು ಎಲ್ಲಿರುತ್ತದೆಂದು ಒಮ್ಮೆ ತೋರಿಸಿಕೊಡಲಿ. ಉಪ್ಪಿಗಿಂತ ರುಚಿಯಿಲ್ಲ ಎಂದರು ಹಿರಿಯರು. ಆ ರುಚಿ ಅಳತೆ ಮೀರದಿರಲಿ.