ಸರ್ವೆ ನಂಬರ್ 87

ನಂದಿನಿ,

ನಿನ್ನ ಫೋನು ಬಂದಾಗಿನಿಂದ ಅದೇ ಯೋಚನೆ. ಮೂರು ತಿಂಗಳು ದೂರದರ್ಶಕದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿರುವಿ ಹಾಕಿದರೂ ಒಂದೂ ಹೊಸ ಕ್ಷುದ್ರಗ್ರಹ ಸಿಗಲಿಲ್ಲ, ಗೆಳತಿಯರೆಲ್ಲ ಬಿಟ್ಟರು, ನಾನೂ ಬಿಡಲೇ ಎಂದೆಯಲ್ಲ. ಬಿಡು ಅಂತಲೂ ಹೇಳೆ, ಬೇಡ ಅಂತಲೂ ಹೇಳೆ. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು ನಾನು. ಹುಡುಕಿದ ಬಾಂದುಕಲ್ಲು ಸಿಗದ ದಿನಗಳು ನನಗೆ ಗೊತ್ತು, ಅಷ್ಟೆ. ಆದರೆ ನಿನ್ನ ಹಾಗೆ ಚುಕ್ಕಿ ಹುಡುಕಿದವನೊಬ್ಬನ ಕಥೆ ಓದಿದ್ದೇನೆ.

ನಾರ್ಮನ್ ಪೋಗ್ಸನ್ ಅಂತ. 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದ. ಅದೇ ವರ್ಷ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹ ಕಂಡ. ಈ ಖಂಡದಿಂದ ಕಂಡ ಮೊದಲನೆಯದು ಅಂತ ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟ. ಫೋಟೋದಲ್ಲಿ ಹುಡುಕುವ ಪದ್ಧತಿ ಆಗಿನ್ನೂ ಇರಲಿಲ್ಲ. ಜರ್ಮನಿಯ ಮ್ಯಾಕ್ಸ್ ವುಲ್ಫ್ ಅದನ್ನು ಶುರುಮಾಡಿದ್ದು 1891ರಲ್ಲಿ, ಪೋಗ್ಸನ್ ತೀರಿಕೊಂಡ ವರ್ಷ. ಇವನಿಗಿದ್ದದ್ದು ನಕ್ಷತ್ರಪಟ, ದೂರದರ್ಶಕ, ಕಣ್ಣು. ಪಟದಲ್ಲಿಲ್ಲದ ಚುಕ್ಕಿ ಆಕಾಶದಲ್ಲಿ ಕಂಡರೆ, ಪಟ ಬರೆದವನು ಬಿಟ್ಟದ್ದೋ, ಹೊಸದಾಗಿ ಬಂದದ್ದೋ? ಗ್ರಾಮನಕ್ಷೆಯಲ್ಲಿಲ್ಲದ ಬಾವಿ ಹೊಲದಲ್ಲಿ ಕಂಡಾಗ ನನಗೂ ಇದೇ ಪೇಚಾಟ. ನನ್ನ ಬಾವಿಯಾದರೋ ನಾಳೆಯೂ ಅಲ್ಲೇ ಇರುತ್ತಿತ್ತು. ಅವನ ಚುಕ್ಕಿ ಮಾರನೆಯ ರಾತ್ರಿ ಜರುಗಿದರೆ ಮಾತ್ರ ಲೆಕ್ಕಕ್ಕೆ. ನಡುವೆ ಮೋಡ ಕವಿದರೆ ಕಾಯಬೇಕು.

1866ರ ಮೇ 16ರಂದು ಅವನಿಗೆ ಇನ್ನೊಂದು ಸಿಕ್ಕಿತು. ಕ್ರಮಸಂಖ್ಯೆ 87. ನನ್ನ ಭಾಷೆಯಲ್ಲಿ ಸರ್ವೆ ನಂಬರ್! ರೋಮನ್ನರ ಪುರಾಣದ ರಿಯಾ ಸಿಲ್ವಿಯಾಳ ಹೆಸರನ್ನು ಅದಕ್ಕೆ ಆರಿಸಿ ಸಿಲ್ವಿಯಾ ಎಂದ. ಫ್ರೆಂಚ್ ಖಗೋಳಜ್ಞ ಫ್ಲಮಾರಿಯೋನ್‌ನ ಹೆಂಡತಿಯ ಹೆಸರೆಂದು ಆಮೇಲೆ ಬರೆದವರೂ ಉಂಟು. ದಾಖಲೆ ನೋಡದೆ ಪಹಣಿ ಬರೆಯುವವರು ಎಲ್ಲ ಕಡೆಯೂ ಇರುತ್ತಾರೆ, ಬಿಡು.

ಮಂಗಳ, ಗುರುಗಳ ನಡುವಿನ ಪಟ್ಟಿಯ ಹೊರ ಅಂಚಿನಲ್ಲಿದೆ ಸಿಲ್ವಿಯಾದ ದಾರಿ. ನಮಗೂ ಸೂರ್ಯನಿಗೂ ಇರುವ ದೂರದ ಸುಮಾರು ಮೂರೂವರೆ ಪಟ್ಟು ದೂರ. ಒಂದು ಸುತ್ತಿಗೆ ಆರೂವರೆ ವರ್ಷ. ಪೋಗ್ಸನ್ ಕಂಡ ಮೇಲೆ ಹೀಗೆ ಇಪ್ಪತ್ತು ಸುತ್ತು ಮುಗಿದು ಇಪ್ಪತ್ತೊಂದನೆಯದು ಅರ್ಧ ದಾಟಿತ್ತು, ಆಗ ಅದರ ಪಕ್ಕದಲ್ಲಿ ಒಂದು ಪುಟ್ಟ ಚಂದ್ರ ಕಂಡಿತು. ಅದು 2001ರಲ್ಲಿ, ಹವಾಯಿಯ ಕೆಕ್ ದೂರದರ್ಶಕದಲ್ಲಿ. ಪಾಪ, ಅದಕ್ಕೆ ನಾಲ್ಕು ವರ್ಷ ಹೆಸರೇ ಇಲ್ಲ. 2004ರಲ್ಲಿ ಚಿಲಿಯ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಅದಕ್ಕಿಂತ ಚಿಕ್ಕದು ಇನ್ನೊಂದು ಸಿಕ್ಕಿತು. ಎರಡು ಚಂದ್ರಗಳಿರುವ ಕ್ಷುದ್ರಗ್ರಹ ಅಲ್ಲಿಯವರೆಗೆ ಯಾರಿಗೂ ಕಂಡಿರಲಿಲ್ಲ. ಪುರಾಣದ ಸಿಲ್ವಿಯಾಗೆ ಅವಳಿ ಗಂಡುಮಕ್ಕಳು. ಮತ್ತೆ ಹೊಸ ಹೆಸರು ಯಾಕೆ ಹುಡುಕಬೇಕು? 2005ರಲ್ಲಿ ಇಬ್ಬರಿಗೂ ಒಟ್ಟಿಗೇ ನಾಮಕರಣ: ರೋಮುಲಸ್, ರೀಮಸ್. 87ಕ್ಕೆ ಎರಡು ಹಿಸ್ಸಾ ಆದಂತಾಯಿತು.

ಮಕ್ಕಳು ತಾಯಿಯನ್ನು ಸುತ್ತುವ ವೇಗದಿಂದ ತಾಯಿಯ ತೂಕ ತಿಳಿಯಿತು. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಆ ಗುಡ್ಡ ನೀರಿಗಿಂತ ಸ್ವಲ್ಪವೇ ಹೆಚ್ಚು ಸಾಂದ್ರ. ಒಳಗೆಲ್ಲ ಸಂದುಗಳಿರುವ ಜಲ್ಲಿರಾಶಿ ಅಂತ ಊಹೆ. ಚುಕ್ಕಿ ಜರುಗಿತೋ ಇಲ್ಲವೋ ಎಂದು ನೋಡುತ್ತ ಕೂತಿದ್ದ ಪೋಗ್ಸನ್‌ಗೆ ಇದರಲ್ಲಿ ಏನು ಗೊತ್ತಿತ್ತು, ಹೇಳು. ಅವನು ಪಟದಲ್ಲಿಲ್ಲದ್ದನ್ನು ಗುರುತು ಹಾಕಿದ, ಅಷ್ಟೆ. ಏನೂ ಸಿಗದ ರಾತ್ರಿಗಳು ಅವನಿಗೂ ಎಷ್ಟು ಕಳೆದಿರಬೇಕು! ಹೊಸದು ಏನೂ ಇಲ್ಲ ಎಂದು ನೀನು ಬರೆದಿಟ್ಟ ಚಿತ್ರಗಳೂ ಅಳತೆ ಮುಗಿದ ಹೊಲವೇ ಅಂತ ನನ್ನ ಲೆಕ್ಕ.

ಮದರಾಸಿನ ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದೇ ವಂಶ ಮುಂದೆ ನಿಮ್ಮ ಕೋರಮಂಗಲದ ಖಭೌತ ಸಂಸ್ಥೆಯಾಯಿತು. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗುತ್ತೀಯಂತೆ, ನಿನ್ನಮ್ಮ ಹೇಳಿದಳು.

ಬರುವ ತಿಂಗಳು ಮದುವೆಗೆ ಚೆನ್ನೈಗೆ ಹೋಗುತ್ತೀಯಲ್ಲ, ನುಂಗಂಬಾಕ್ಕಂನ ಹವಾಮಾನ ಕಚೇರಿಯ ಆವರಣದಲ್ಲಿ 1792ರ ಕಲ್ಲುಕಂಬವೊಂದಿದೆ, ಹಳೆಯ ವೀಕ್ಷಣಾಲಯದ್ದು. ಮೇಲೆ ತಮಿಳು, ತೆಲುಗು ಅಕ್ಷರಗಳೂ ಇವೆಯಂತೆ. ಒಳಗೆ ಬಿಡುತ್ತಾರೋ ಕೇಳಿ ನೋಡು. ಬಿಟ್ಟರೆ ಒಂದು ಫೋಟೋ ಕಳಿಸು, ದೊಡ್ಡದಾಗಿ. ನನ್ನ ಕನ್ನಡಕ ಇನ್ನೂ ರಿಪೇರಿಯಿಂದ ಬಂದಿಲ್ಲ.

ಇತಿ,
ನಿನ್ನ ಅಜ್ಜ