ವೃತ್ತಿಪರ ಕುಸ್ತಿ, ಎಂಎಂಎ ಮತ್ತು ವಜ್ರಮುಷ್ಟಿ
(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಭ್ಯರ್ಥಿಗಳಿಗೆ)

1. ವೃತ್ತಿಪರ ಕುಸ್ತಿ (ಡಬ್ಲ್ಯೂಡಬ್ಲ್ಯೂಇ): ಫಲಿತಾಂಶ ಮೊದಲೇ ನಿಗದಿ. ಎಂಎಂಎ (ಮಿಶ್ರ ಸಮರಕಲೆ, ಉದಾ. ಯುಎಫ್‌ಸಿ): ನಿಜ ಸ್ಪರ್ಧೆ, ಹೊಡೆತ, ಒದೆತ, ಪಟ್ಟು ಮೂರೂ ಉಂಟು.

2. ಯುಎಫ್‌ಸಿಗೂ ಮುಂಚಿನ ಮಿಶ್ರ ಪಂದ್ಯ, 26 ಜೂನ್ 1976, ಟೋಕಿಯೊ: ಕುಸ್ತಿಪಟು ಆಂಟೋನಿಯೊ ಇನೋಕಿ–ಬಾಕ್ಸರ್ ಮುಹಮ್ಮದ್ ಅಲಿ, 15 ಸುತ್ತು, ಡ್ರಾ. ಇನೋಕಿ ಬಹುಪಾಲು ನೆಲದಲ್ಲಿ ಮಲಗಿಯೇ ಅಲಿಯ ಕಾಲಿಗೆ ಒದ್ದರು.

3. ಮೊದಲ ಯುಎಫ್‌ಸಿ: 12 ನವೆಂಬರ್ 1993, ಡೆನ್ವರ್.

4. ಡಬ್ಲ್ಯೂಡಬ್ಲ್ಯೂಇ, ಯುಎಫ್‌ಸಿ ಎರಡರಲ್ಲೂ ಚಾಂಪಿಯನ್: ಬ್ರಾಕ್ ಲೆಸ್ನರ್ (ಯುಎಫ್‌ಸಿ ಹೆವಿವೇಟ್, 2008).

5. ನಮ್ಮದೇ ಪರಂಪರೆ, ಖಂಡಿತ ಓದಿ: ವಜ್ರಮುಷ್ಟಿ ಕಾಳಗ. ಮೈಸೂರು ಅರಮನೆ, ವಿಜಯದಶಮಿ. ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ಮೊನಚು ಮುಷ್ಟಿ ತೊಟ್ಟು ಪಟ್ಟು ಹಾಕುತ್ತಾರೆ, ಹೊಡೆಯುತ್ತಾರೆ. ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ಮುಕ್ತಾಯ.

6. ಗೊಂದಲ ಬೇಡ: ದಸರಾ ನಾಡಕುಸ್ತಿ ಬೇರೆ, ವಜ್ರಮುಷ್ಟಿ ಬೇರೆ. ಒಲಿಂಪಿಕ್ಸ್‌ ಕುಸ್ತಿಯಲ್ಲಿರುವುದು ಫ್ರೀಸ್ಟೈಲ್, ಗ್ರೀಕೊ-ರೋಮನ್ ಮಾತ್ರ, ಎಂಎಂಎ ಇಲ್ಲ.